ಮತ್ತೆ ಬರೆಯುವ ಗೋಡೆ

ಚಿತ್ತಾರ ಕೊಳ್ಳಲು ಮನೆಗೆ ಬರುವವರು ಮೊದಲು ಬೆಲೆ ಕೇಳುವುದಿಲ್ಲ. ‘ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ?’ ಅಂತ ಕೇಳುತ್ತಾರೆ. ಕೇಳುವುದು ಸಹಜವೇ. ದುಡ್ಡು ಕೊಟ್ಟು ಒಯ್ದು ಬೆಂಗಳೂರಿನ ಮನೆಯಲ್ಲಿ ತೂಗುಹಾಕುವವರಿಗೆ ಅದು ಬೇಗ ಹಾಳಾಗಬಾರದು. ಅಂಥವರಿಗೆ ನಾನು ಬಟ್ಟೆಯ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಬರೆದುಕೊಡುತ್ತೇನೆ. ಗಾಜು ಹಾಕಿಸಿ ಬಿಸಿಲಿಗೆ ಒಡ್ಡದೆ ಇಟ್ಟುಕೊಂಡರೆ ಬಹಳ ಕಾಲ ಇರುತ್ತದೆ, ಹೆದರಬೇಡಿ ಅಂತ ಹೇಳಿ ಕಳಿಸುತ್ತೇನೆ.

ಆದರೆ ಅವರು ಹೋದ ಮೇಲೆ ಮನಸ್ಸು ಆ ಪ್ರಶ್ನೆಯಲ್ಲೇ ಸುತ್ತುತ್ತಿರುತ್ತದೆ. ಯಾಕಂದರೆ ನಾನು ಕಲಿತ ಚಿತ್ತಾರ ಬಾಳಿಕೆ ಬರಲಿ ಅಂತ ಬರೆಯುತ್ತಿದ್ದದ್ದಲ್ಲ. ಅಳಿಸಿ ಹೋಗುತ್ತದೆ ಅಂತ ಗೊತ್ತಿದ್ದೇ ಬರೆಯುತ್ತಿದ್ದರು. ಅಳಿಸಿದ ಮೇಲೆ ಮತ್ತೆ ಬರೆಯುತ್ತಿದ್ದರು. ನನ್ನ ಮಟ್ಟಿಗೆ ಆ ಕಲೆಯ ಜೀವ ಇರುವುದು ಈ ‘ಮತ್ತೆ’ಯಲ್ಲೇ.

ನಾವು ದೀವರು ಅನ್ನುವ ಸಮುದಾಯದವರು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ನಮ್ಮ ಊರುಗಳು ಜಾಸ್ತಿ. ಮದುವೆ ಮನೆಯಲ್ಲಿ ಗಂಡು ಹೆಣ್ಣು ಕೂರುವ ಜಾಗದ ಹಿಂದಿನ ಗೋಡೆಗೆ ಹಸೆ, ಅಂದರೆ ಮದುವೆಯ ಚಿತ್ತಾರ, ಬರೆಯುವುದು ನಮ್ಮ ಹೆಂಗಸರ ಕೆಲಸ. ಚೆನ್ನಾಗಿ ಬರೆಯುವವರನ್ನು ಚಿತ್ತಾರಗಿತ್ತಿ ಅನ್ನುತ್ತಾರೆ. ಊರಲ್ಲಿ ಮದುವೆ ಗೊತ್ತಾಯಿತು ಅಂದರೆ ಚಿತ್ತಾರಗಿತ್ತಿಗೆ ಹೇಳಿಕೆ ಹೋಗಬೇಕು. ಅವಳು ಬಂದು, ಗೋಡೆ ನೋಡಿ, ಕೈಯಿಂದ ಒಮ್ಮೆ ಸವರಿ, ಆಮೇಲೆ ಮಾತು. ನನ್ನ ಅಮ್ಮ ಅಂಥವಳು. ಈಗಲೂ ಯಾರ ಮನೆಗೆ ಹೋದರೂ ಮೊದಲು ಗೋಡೆ ಸವರುತ್ತಾಳೆ.

ಗೋಡೆಗೆ ಮೊದಲು ಕೆಮ್ಮಣ್ಣು ಸಾರಿಸಬೇಕು. ಅದು ಪೂರ್ತಿ ಒಣಗಬೇಕು. ಬಿಳಿ ಬಣ್ಣಕ್ಕೆ ಅಕ್ಕಿ ನೆನೆಸಿ ನುಣ್ಣಗೆ ಅರೆಯುವುದು. ಜೇಡಿಮಣ್ಣು ಸಿಗುವ ಕಡೆ ಅದನ್ನೂ ಬಳಸುತ್ತಾರೆ. ಕಪ್ಪಿಗೆ ಅದೇ ಅಕ್ಕಿಯನ್ನು ಬಾಣಲೆಯಲ್ಲಿ ಕರ್ರಗೆ ಕರಕಲಾಗುವ ತನಕ ಹುರಿದು, ನೆನೆಸಿ, ಅರೆದುಕೊಳ್ಳುವುದು. ಹಳದಿಗೆ ಗುರಿಗೆ ಕಾಯಿಯ ಬೀಜ. ಕುಂಚ ಅಂದರೆ ಪುಂಡಿ ನಾರು. ನಾರಿನ ತುದಿಯನ್ನು ಜಜ್ಜಿ ಮೆತ್ತಗೆ ಮಾಡಿ, ಎಷ್ಟು ತೆಳ್ಳಗಿನ ಗೆರೆ ಬೇಕೋ ಅಷ್ಟೇ ಎಳೆಗಳನ್ನು ಬಿಡಿಸಿಕೊಂಡು ಉಳಿದದ್ದನ್ನು ಕಟ್ಟಿಬಿಡುವುದು. ಅಕ್ಕಿ ಹಿಟ್ಟಿನಲ್ಲಿ ಅದ್ದಿ ಗೋಡೆಗೆ ಇಟ್ಟಾಗ ಗೆರೆ ಕಾಣುವುದೇ ಇಲ್ಲ. ಬರೀ ಒದ್ದೆ ಗುರುತು. ಒಣಗುತ್ತಾ ಬಂದ ಹಾಗೆ ಬೆಳ್ಳಗಾಗುತ್ತದೆ. ಹಾಗಾಗಿ ಬರೆಯುವವಳು ತಾನು ಈಗ ಏನು ಬರೆದೆ ಅನ್ನುವುದನ್ನು ಸ್ವಲ್ಪ ಹೊತ್ತು ಬಿಟ್ಟೇ ನೋಡುತ್ತಾಳೆ. ಅಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ಕಣ್ಣನ್ನು ನಂಬಿ ಕೂತರೆ ಈ ಕೆಲಸ ಸಾಗುವುದಿಲ್ಲ, ಕೈಯನ್ನೇ ನಂಬಬೇಕು. ಅಕ್ರಿಲಿಕ್‌ನಲ್ಲಿ ಹಾಗಲ್ಲ. ಇಟ್ಟ ತಕ್ಷಣ ಎದ್ದು ಕಾಣುತ್ತದೆ. ಕಲಿಯುವವರಿಗೆ ಅದು ಸುಲಭ, ನಿಜ. ಆದರೆ ಕೈಗೆ ಬರಬೇಕಾದ ಆ ಧೈರ್ಯ ಬರುವುದಿಲ್ಲ ಅಂತ ನನ್ನ ಅನಿಸಿಕೆ.

ಹಾಗೆ ಬರೆದ ಹಸೆ ಎಷ್ಟು ದಿನ ಇರುತ್ತದೆ? ಅಕ್ಕಿ ಹಿಟ್ಟನ್ನು ಇರುವೆ ತಿನ್ನುತ್ತದೆ. ಮಳೆಗಾಲದಲ್ಲಿ ಗೋಡೆ ತಂಡಿ ಹಿಡಿದು ಕೆಳಗಿನ ಸಾಲು ಮಸುಕಾಗುತ್ತದೆ. ಮಕ್ಕಳು ಒರಗಿ ಕೂತು ಬೆನ್ನಿಗೆ ಮೆತ್ತಿಸಿಕೊಳ್ಳುತ್ತಾರೆ. ದೀಪಾವಳಿಗೆ ಮನೆ ಸಾರಿಸುವಾಗ ಉಳಿದದ್ದರ ಮೇಲೆ ಕೆಮ್ಮಣ್ಣು ಬಳಿದುಬಿಡುತ್ತಾರೆ. ಯಾರೂ ಅಯ್ಯೋ ಅನ್ನುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಚಿಕ್ಕಮ್ಮನ ಮದುವೆಯ ಹಸೆಯ ಮೇಲೆ ಅಮ್ಮ ಕೆಮ್ಮಣ್ಣು ಎಳೆಯುತ್ತಿದ್ದಾಗ ಅತ್ತುಬಿಟ್ಟಿದ್ದೆ. ‘ಮತ್ತೆ ಬರೆದ್ರಾಯ್ತಲ್ಲ ಮಗಾ, ಕೈ ಎಲ್ಲಿಗೆ ಹೋಗುತ್ತೆ’ ಅಂದಿದ್ದಳು.

ಅಮ್ಮ ಹಾಗೆ ಹೇಳಿದ್ದು ಸುಮ್ನೆ ಸಮಾಧಾನಕ್ಕಲ್ಲ ಅಂತ ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಅಮ್ಮನ ತವರು ನೀರಿನಲ್ಲಿದೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು 1948ರಲ್ಲೇ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಂತ ಒಂದು ಅಣೆಕಟ್ಟು ಆಗಿತ್ತು. ದೊಡ್ಡ ಅಣೆಕಟ್ಟಿನ ನೀರು ಏರುತ್ತಾ ಆ ಹಳೆಯ ಅಣೆಕಟ್ಟನ್ನೇ ಮುಳುಗಿಸಿತು. ಅದರ ಸುತ್ತಲಿನ ಊರು, ಗದ್ದೆ, ತೋಟ, ಮಠ, ಗುಡಿ ಎಲ್ಲವೂ ಹೋಯಿತು. ಸಾವಿರಾರು ಕುಟುಂಬಗಳು ಎದ್ದು ಹೊರಟವು. ಕೆಲವರು ಲಾರಿಯಲ್ಲಿ ಪಾತ್ರೆ ಪಗಡೆ ತುಂಬಿಕೊಂಡು ಶಿವಮೊಗ್ಗದ ಕಡೆಯ ಕಾಡಿಗೆ ಹೋದರು. ಅಮ್ಮನ ಮನೆಯವರು ಅಷ್ಟು ದೂರ ಹೋಗಲಿಲ್ಲ. ತುಮರಿ ಕಡೆ ಎತ್ತರದ ಜಾಗದಲ್ಲಿ ಗುಡಿಸಲು ಹಾಕಿಕೊಂಡರು. ಮೂರೂ ಕಡೆ ನೀರು. ಸಾಗರಕ್ಕೆ ಹೋಗಬೇಕು ಅಂದರೆ ಬಸ್ಸು, ಕಾರನ್ನೂ ಹೊತ್ತು ದಾಟಿಸುವ ಲಾಂಚ್ ಹತ್ತಬೇಕಿತ್ತು, ಇಲ್ಲವಾದರೆ ಕೋಗಾರು, ಕಾರ್ಗಲ್ ಸುತ್ತಿಕೊಂಡು ಹೋಗಬೇಕಿತ್ತು.

ಶರಾವತಿಯ ವಿದ್ಯುದಾಗಾರ 1035 ಮೆಗಾವ್ಯಾಟ್‌ನದ್ದು. ಒಂದು ಕಾಲಕ್ಕೆ ನಾಡಿಗೆಲ್ಲ ಬೆಳಕು ಕೊಟ್ಟದ್ದು ಅದೇ. ಅದರ ನೀರಿನ ದಡದಲ್ಲಿ ಕೂತು ನಾನು ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಓದಿದೆ. ಇದನ್ನು ಹೇಳದೆ ನಮ್ಮ ಕಡೆಯವರ ಯಾವ ಕತೆಯೂ ಪೂರ್ತಿಯಾಗುವುದಿಲ್ಲ.

ಅಮ್ಮ ಆಗ ಇನ್ನೂ ಲಂಗ ಉಡುವ ಹುಡುಗಿ. ಮನೆ ಬಿಡುವ ಮೊದಲು ಅಜ್ಜಿ ಗೋಡೆಗೆ ಕೆಮ್ಮಣ್ಣು ಸಾರಿಸಿದಳಂತೆ. ನೀರು ಬಂದು ಕರಗಿಸುವ ಗೋಡೆಗೆ ಯಾಕೆ ಸಾರಿಸುತ್ತೀಯ ಅಂತ ಯಾರೋ ಕೇಳಿದರಂತೆ. ಅಜ್ಜಿ ಏನೂ ಹೇಳಲಿಲ್ಲವಂತೆ, ಸಾರಿಸಿ ಮುಗಿಸಿದಳಂತೆ. ಹೊಸ ಜಾಗದಲ್ಲಿ ಮೊದಲ ವರ್ಷ ಮಣ್ಣಿನ ಗೋಡೆಯೇ ಇರಲಿಲ್ಲ, ಸೋಗೆಯ ತಟ್ಟಿ ಮಾತ್ರ. ಆ ವರ್ಷವೂ ಭೂಮಿ ಹುಣ್ಣಿಮೆಗೆ ಅಜ್ಜಿ ಬುಟ್ಟಿಗೆ ಚಿತ್ತಾರ ಬರೆದಳು. ಗೋಡೆ ಇಲ್ಲದಿದ್ದರೆ ಬುಟ್ಟಿ ಇದೆಯಲ್ಲ.

ಭೂಮಿ ಹುಣ್ಣಿಮೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ದಸರಾ ಕಳೆದು ಬರುವ ಹುಣ್ಣಿಮೆ ಅದು. ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿ ಬಸುರಿ, ಅವಳಿಗೆ ಬಯಕೆ ಊಟ ಹಾಕಬೇಕು. ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಸಾರಿಸಿ, ಒಣಗಿಸಿ, ಬಿಳಿಯಲ್ಲಿ ಚಿತ್ತಾರ ಬರೆಯುತ್ತೇವೆ. ಭೂಮಣ್ಣಿ ಬುಟ್ಟಿ ಅನ್ನುತ್ತೇವೆ ಅದಕ್ಕೆ. ರಾತ್ರಿಯೆಲ್ಲ ಅಡುಗೆ. ಕಾಡಿನಿಂದ, ಬೇಲಿಯಿಂದ ತಂದ ಹತ್ತಾರು ಬಗೆಯ ಸೊಪ್ಪಿನ ಕುಡಿಗಳನ್ನು ಬೆರೆಸಿ ಬೇಯಿಸುವುದು, ಅಮಟೆಕಾಯಿ, ಕೊಟ್ಟೆ ಕಡುಬು, ಹಾಲಂಬಲಿ. ಬೆಳಕು ಹರಿಯುವ ಮೊದಲೇ ಗಂಡಸರು ಬುಟ್ಟಿ ಹೊತ್ತು, ದೀಪ ಹಿಡಿದು ಗದ್ದೆಗೆ ಹೋಗುತ್ತಾರೆ. ‘ಅಚ್ಚಂಬ್ಲಿ ಹಾಲಂಬ್ಲಿ’ ಅಂತ ಕೂಗುತ್ತಾ ಆ ಬೆರಕೆ ಸೊಪ್ಪನ್ನು ಪೈರಿನ ಮೇಲೆ ಬೀರುತ್ತಾರೆ. ದೂರದ ಗದ್ದೆಗಳಿಂದಲೂ ಅದೇ ಕೂಗು ಕೇಳುತ್ತದೆ. ಕಡುಬೊಂದನ್ನು ಗದ್ದೆಯಲ್ಲಿ ಹೂತಿಟ್ಟು ಕೊಯ್ಲಿನ ಹೊತ್ತಿಗೆ ತೆಗೆಯುತ್ತಾರೆ. ಆಮೇಲೆ ಎಲ್ಲರೂ ಗದ್ದೆಯ ಅಂಚಿನಲ್ಲೇ ಕೂತು ಉಣ್ಣುವುದು. ನನಗೆ ಯುಗಾದಿಗಿಂತ, ದೀಪಾವಳಿಗಿಂತ ಈ ಹಬ್ಬ ಹೆಚ್ಚು. ಇದರಲ್ಲಿ ದೇವರಿಗೆ ಬೇಡುವುದು ಕಡಿಮೆ, ಭೂಮಿಗೆ ಉಣಿಸುವುದೇ ಜಾಸ್ತಿ.

ನನ್ನ ಮದುವೆ ಮಾತು ಬಂದಾಗ ಹುಡುಗ ಕಾರ್ಗಲ್‌ನಲ್ಲಿ ವಿದ್ಯುತ್ ಕೆಲಸದಲ್ಲಿದ್ದಾನೆ ಅಂದರು. ಅಪ್ಪ ಹಿಂದೇಟು ಹಾಕಿದ. ನಮ್ಮ ಊರು ಮುಳುಗಿಸಿದ ನೀರಿನ ಕೆಲಸ ಅಲ್ವಾ ಅಂತ. ಅಮ್ಮ ಮಾತ್ರ, ‘ನೀರು ಅವನು ತಂದದ್ದಲ್ಲ’ ಅಂದಳು. ಮಾತು ಅಲ್ಲಿಗೆ ಮುಗಿಯಿತು.

ಮದುವೆಯ ನಂತರ ಇವರು ಮೊದಲ ಸಲ ಮಾವನ ಮನೆಗೆ ಬಂದಾಗ ಅಮ್ಮ ಕಾಫಿ ಕೊಟ್ಟು ಬಾಗಿಲ ಹತ್ತಿರ ನಿಂತು ಕೇಳಿದಳು, ‘ಈಗ ಎಷ್ಟು ಅಡಿ ಐತೆ?’ ಇವರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅಪ್ಪನೇ ಹೇಳಿದ, ಅಣೆಕಟ್ಟಿನ ನೀರು ಕೇಳ್ತಾ ಅವಳೆ ಅಂತ.

ಅಣೆಕಟ್ಟು ತುಂಬಿದರೆ 1819 ಅಡಿ. ಅದು ಸಾಗರದ ಕಡೆ ಎಲ್ಲರಿಗೂ ಬಾಯಿಪಾಠ. ಮಳೆಗಾಲದಲ್ಲಿ ಪೇಟೆಯ ಅಂಗಡಿಗಳಲ್ಲಿ ಅದೇ ಮಾತು, ಇವತ್ತು ಎಷ್ಟಾಯ್ತು, ಗೇಟು ಯಾವಾಗ ಎತ್ತುತ್ತಾರೆ, ಜೋಗ ಯಾವಾಗ ತುಂಬುತ್ತದೆ. ಅಮ್ಮನ ಲೆಕ್ಕ ಅದಕ್ಕೆ ತಿರುಗುಮುರುಗು. ಅವಳಿಗೆ ನೀರು ಏರುವುದು ಬೇಕಿರಲಿಲ್ಲ, ಇಳಿಯುವುದು ಬೇಕಿತ್ತು. ಎಷ್ಟು ಇಳಿದರೆ ಮಡೆನೂರು ಅಣೆಕಟ್ಟಿನ ತಲೆ ಕಾಣುತ್ತದೆ, ಇನ್ನೆಷ್ಟು ಇಳಿದರೆ ಹಳೆಯ ರಸ್ತೆ, ಇನ್ನೆಷ್ಟು ಇಳಿದರೆ ತನ್ನ ಮನೆಯ ಜಾಗ, ಎಲ್ಲ ಅವಳ ತಲೆಯಲ್ಲಿತ್ತು. ಅಕ್ಷರ ಓದಲು ಬರದಿದ್ದರೂ ಅಂಕಿ ಓದಲು ಕಲಿತಿದ್ದಳು. ಇದಕ್ಕೇ ಕಲಿತದ್ದು ಅಂತ ನನ್ನ ಗುಮಾನಿ.

ಆವತ್ತಿನಿಂದ ಇವರು ಅಮ್ಮನಿಗೆ ನೀರಿನ ಮಟ್ಟ ಹೇಳುವುದನ್ನು ಬಿಡಲಿಲ್ಲ. ಫೋನ್ ಇಲ್ಲದ ಕಾಲದಲ್ಲಿ ಲಾಂಚ್‌ನಲ್ಲಿ ಹೋಗುವವರ ಕೈಗೆ ಚೀಟಿ ಕೊಟ್ಟು ಕಳಿಸುತ್ತಿದ್ದರು. ಚೀಟಿಯಲ್ಲಿ ಕ್ಷೇಮ ಸಮಾಚಾರ ಇರುತ್ತಿರಲಿಲ್ಲ. ಒಂದು ಅಂಕಿ, ಅಷ್ಟೇ. 1792. 1778. ಅಮ್ಮ ಅದನ್ನು ನೋಡಿ ಮಡಚಿ ಅಕ್ಕಿ ಡಬ್ಬಿಯೊಳಗೆ ಇಡುತ್ತಿದ್ದಳು. ಆಮೇಲೆ ಊರಿನ ಅಂಗಡಿಗೆ ಫೋನ್ ಬಂತು, ಅಲ್ಲಿಗೆ ಹೇಳುತ್ತಿದ್ದರು. ಈಗ ವಾಟ್ಸಾಪ್ ಇದೆ. ಇವರು ನಿವೃತ್ತರಾದ ಮೇಲೂ ಹಳೆಯ ಸಹೋದ್ಯೋಗಿಗಳಿಗೆ ಕೇಳಿ ತಿಳಿದುಕೊಂಡು ಬೇಸಿಗೆಯಲ್ಲಿ ಅಮ್ಮನಿಗೆ ಅಂಕಿ ಕಳಿಸುತ್ತಾರೆ.

ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಪ್ರೀತಿ ಗೀತಿ ಅಂತ ಬಾಯಿಬಿಟ್ಟು ಹೇಳಿದವರಲ್ಲ. ಮದುವೆಯಾದ ಹೊಸದರಲ್ಲಿ ನನಗೆ ಅದು ಬೇಸರವೂ ಆಗಿತ್ತು. ಆದರೆ ಆ ಚೀಟಿಗಳನ್ನು ನೋಡಿದ ಮೇಲೆ ಈ ಮನುಷ್ಯನ ಬಗ್ಗೆ ನನಗೆ ಅನುಮಾನ ಉಳಿಯಲಿಲ್ಲ. ಬೇರೊಬ್ಬರ ನೆನಪನ್ನು ತನ್ನ ಕೆಲಸ ಅಂದುಕೊಂಡು ಇಷ್ಟು ಕಾಲ ಮಾಡಿಕೊಂಡು ಬರುವವರು ಎಷ್ಟು ಜನ ಸಿಗುತ್ತಾರೆ? ನನಗೆ ಪ್ರೀತಿ ಅಂದರೆ ಇದೇ. ಮೊದಲ ದಿನದ ಮಾತಿಗಿಂತ ಇಪ್ಪತ್ತನೇ ಬೇಸಿಗೆಯ ಚೀಟಿ ದೊಡ್ಡದು.

ಮುಂಗಾರು ತಡವಾಗಿ ನೀರು ತುಂಬಾ ಇಳಿದ ಒಂದು ವರ್ಷ ಇವರೇ ಅಮ್ಮನನ್ನು ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ನೀರು ಸರಿದ ಜಾಗ ನೋಡಿದವರಿಗೆ ಗೊತ್ತು. ಕಣ್ಣು ಹಾಯುವಷ್ಟು ದೂರ ಬಿರುಕು ಬಿಟ್ಟ ಗೋಡುಮಣ್ಣು, ಅದರಲ್ಲಿ ಕರ್ರಗೆ ನಿಂತ ಮರದ ಬೊಡ್ಡೆಗಳು. ದೂರದಲ್ಲಿ ಮಡೆನೂರು ಅಣೆಕಟ್ಟು, ನೀರು ಹೊರಬಿಡುವ ಅದರ ಸೈಫನ್‌ಗಳು, ಎಲ್ಲ ಗಟ್ಟಿಯಾಗಿ ಹಾಗೇ ನಿಂತಿದೆ. ನಮಗೆ ಅಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಅಮ್ಮ ಚಪ್ಪಲಿ ಬಿಟ್ಟಳು. ಒಂದು ಬೊಡ್ಡೆಯ ಹತ್ತಿರ ಹೋಗಿ ಮುಟ್ಟಿ, ಇದು ಹೊನ್ನೆ ಅಂದಳು. ಅಲ್ಲಿಂದ ಎಡಕ್ಕೆ ನಡೆದಳು. ಬಾವಿಯ ಕಲ್ಲಿನ ಸುತ್ತು ಮಣ್ಣಿನಲ್ಲಿ ಹುಗಿದು ಅರ್ಧ ಕಾಣುತ್ತಿತ್ತು. ಬಾವಿಯಿಂದ ಹೆಜ್ಜೆ ಹಾಕುತ್ತಾ ಬಂದು ಒಂದು ಕಡೆ ನಿಂತು ಕಾಲಿನಿಂದ ಮಣ್ಣು ಕೆದಕಿದಳು. ಜಂಬಿಟ್ಟಿಗೆಯ ಪಂಚಾಂಗ, ಅಂದರೆ ಮನೆಯ ತಳಪಾಯ, ಸಿಕ್ಕಿತು.

ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಮನೆ ತೋರಿಸಲು ಶುರುಮಾಡಿದಳು. ಇದು ಜಗುಲಿ, ಇಲ್ಲಿ ಒರಳು, ಇಲ್ಲಿ ಕೊಟ್ಟಿಗೆಗೆ ಹೋಗುವ ದಾರಿ. ಗಾಳಿಯಲ್ಲಿ ಕೈ ಆಡಿಸಿ ಬಾಗಿಲು ತೆಗೆದು ತೋರಿಸಿದಳು. ಆಮೇಲೆ ಒಂದು ಕಡೆ ನಿಂತು, ‘ಇದು ಹಸೆಗೋಡೆ, ಅಕ್ಕನ ಮದುವೆಗೆ ಅವ್ವ ಬರೆದದ್ದು’ ಅಂದಳು. ಹೊರಗೆ ಎರಡೆಳೆಯ ಗೆರೆ, ಒಳಗೆ ಜೋಗಿಜಡೆ ಅನ್ನುವ ವಿನ್ಯಾಸ, ನಡುವೆ ಪಲ್ಲಕ್ಕಿಯಂಥ ದಂಡಿಗೆ, ಎಲ್ಲವನ್ನೂ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಹೇಳಿದಳು. ಎಡಗಡೆಯ ಕೆಳಮೂಲೆಗೆ ಬಂದಾಗ, ‘ಇಲ್ಲಿ ಮಾತ್ರ ಗೆರೆ ದಪ್ಪ ಆಗಿತ್ತು. ನಾನು ಅವ್ವನ ಸೆರಗು ಎಳೆದೆ, ಅವಳ ಕೈ ಅಲುಗಿತು’ ಅಂದಳು.

ನಾನು ಬೆರಗಾದೆ. ಯಾಕಂದರೆ ಅಮ್ಮ ಬರೆಯುವ ಹಸೆಯಲ್ಲೆಲ್ಲ ಎಡಗಡೆಯ ಕೆಳಮೂಲೆಯ ಗೆರೆ ಸ್ವಲ್ಪ ದಪ್ಪವೇ ಇರುತ್ತದೆ. ನಾನೂ ಹಾಗೇ ಕಲಿತದ್ದು. ಅದು ಪದ್ಧತಿ ಅಂದುಕೊಂಡಿದ್ದೆ. ನನ್ನಿಂದ ಒಂದು ಚಿತ್ತಾರ ಕೊಂಡವರೊಬ್ಬರು, ಈ ಮೂಲೆ ಯಾಕೆ ಹೀಗೆ, ಸರಿಮಾಡಿಕೊಡಿ ಅಂತ ಕೇಳಿದ್ದೂ ಉಂಟು. ಮಾಡಿಕೊಡಲಿಲ್ಲ. ಆಗ ಕಾರಣ ಗೊತ್ತಿರಲಿಲ್ಲ, ಈಗ ಗೊತ್ತು. ಮನೆ ಕರಗಿ ಅರವತ್ತು ವರ್ಷ ದಾಟಿತು. ಆ ಹುಡುಗಿ ಸೆರಗು ಎಳೆದದ್ದು ಮಾತ್ರ ಮನೆಯಿಂದ ಮನೆಗೆ, ಗೋಡೆಯಿಂದ ಗೋಡೆಗೆ ಬಂದುಬಿಟ್ಟಿದೆ. ಅಜ್ಜಿಯ ಹಸೆಯನ್ನು ಗಾಜು ಹಾಕಿ ಕಾಪಾಡಲು ಆಗುತ್ತಿರಲಿಲ್ಲ. ಫೋಟೋ ತೆಗೆದವರೂ ಇಲ್ಲ. ಅಳಿಸಿ ಅಳಿಸಿ ಬರೆದದ್ದಕ್ಕೇ ಅದು ಉಳಿಯಿತು.

ಹಾಗಂತ ಎಲ್ಲವೂ ಇದ್ದ ಹಾಗೇ ಇರಬೇಕು ಅನ್ನುವವಳಲ್ಲ ನಾನು. ಚಿತ್ತಾರ ಅಂದರೆ ಹಳೆಯದನ್ನೇ ತಿದ್ದುವುದು, ಅದರಲ್ಲಿ ನಿಮ್ಮ ಸ್ವಂತದ್ದೇನಿದೆ ಅಂತ ಒಬ್ಬ ಹುಡುಗ ಕೇಳಿದ. ಚಿತ್ರಕಲೆ ಓದುತ್ತಿರುವವನು. ಪಾಪ, ಗೌರವದಿಂದಲೇ ಕೇಳಿದ. ಅವನಿಗೆ ನಮ್ಮ ಅತ್ತೆ ಬರೆದದ್ದನ್ನೂ ಅಮ್ಮ ಬರೆದದ್ದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಇಬ್ಬರೂ ಬರೆದದ್ದು ಅದೇ ಎರಡೆಳೆ. ಅತ್ತೆಯದು ಬಿಗಿ. ಗೆರೆಯಿಂದ ಗೆರೆಗೆ ಅಂತರ ಒಂದೇ ಸಮ, ಉಸಿರು ಹಿಡಿದು ಬರೆದದ್ದು. ಅಮ್ಮನದು ಸಡಿಲ. ಹಾಡು ಹೇಳುತ್ತಾ ಬರೆಯುವವಳು, ಹಾಡು ಎಳೆದ ಕಡೆ ಗೆರೆಯೂ ಎಳೆಯುತ್ತದೆ. ಹುಡುಗ ಬಹಳ ಹೊತ್ತು ನೋಡಿದ. ಕೊನೆಗೆ, ಇಬ್ಬರ ಸ್ವಭಾವವೂ ಗೊತ್ತಾಗುತ್ತೆ ಅಂದ. ಅಷ್ಟು ಸಾಕಲ್ವಾ?

ಅತ್ತೆ ತೀರಿಕೊಂಡಾಗ ಒಂದು ತೇರು ಚಿತ್ತಾರ ಅರ್ಧಕ್ಕೇ ನಿಂತಿತ್ತು. ಅದನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಮುಗಿಸಿದ್ದು ಇವರು. ನಮ್ಮಲ್ಲಿ ಆಗ ಗಂಡಸರು ಕುಂಚ ಹಿಡಿಯುತ್ತಿರಲಿಲ್ಲ. ಈಗ ಸಿರಿವಂತೆಯ ಕಡೆ ಗಂಡಸರೂ ಚೆನ್ನಾಗಿ ಬರೆಯುತ್ತಾರೆ, ಹೆಸರೂ ಮಾಡಿದ್ದಾರೆ. ಇವರು ತಾಯಿ ಬರೆಯುವುದನ್ನು ಹುಟ್ಟಿದಾಗಿನಿಂದ ನೋಡಿದವರು. ರಾತ್ರಿ ಡ್ಯೂಟಿ ಮುಗಿಸಿ ಬಂದು, ಸ್ನಾನ ಮಾಡಿ, ಒಂದಿಷ್ಟು ಬರೆದು ಮಲಗುತ್ತಿದ್ದರು. ಅತ್ತೆಯ ಬಿಗಿ ಗೆರೆ ಎಲ್ಲಿ ನಿಂತಿತು, ಇವರದು ಎಲ್ಲಿ ಶುರುವಾಯಿತು ಅಂತ ನೋಡಿದರೆ ತಿಳಿಯುತ್ತದೆ. ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡಲಿಲ್ಲ.

ಇನ್ನು ಸೇತುವೆಯ ವಿಷಯ. 2025ರ ಜುಲೈ 14ರಂದು, ತುಮರಿ ಕಡೆಯನ್ನು ಸಾಗರಕ್ಕೆ ಸೇರಿಸುವ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಓಡಾಟಕ್ಕೆ ತೆರೆಯಿತು. 2.44 ಕಿಲೋಮೀಟರ್ ಉದ್ದ. ಸಿಗಂದೂರು ಸೇತುವೆ ಅಂತ ಎಲ್ಲರೂ ಕರೆಯುತ್ತಾರೆ. ಅದು ಆದಾಗಿನಿಂದ ಅನೇಕರು ಬರೆಯುತ್ತಿದ್ದಾರೆ, ಲಾಂಚ್ ಹೋಯಿತಲ್ಲ, ಆ ಸೊಗಸು ಹೋಯಿತಲ್ಲ ಅಂತ. ಬರೆಯಲಿ. ಪ್ರವಾಸಕ್ಕೆ ಬಂದವರಿಗೆ ಲಾಂಚ್ ಸೊಗಸೇ. ಬಸ್ಸು, ಕಾರು, ಜನ, ಕೋಳಿ, ಅಡಿಕೆ ಮೂಟೆ ಎಲ್ಲ ಒಟ್ಟಿಗೆ ತೇಲಿಕೊಂಡು ಹೋಗುವುದು ಯಾರಿಗೆ ಚೆಂದ ಕಾಣುವುದಿಲ್ಲ? ನನಗೂ ಆ ಲಾಂಚ್ ಮೇಲೆ ಪ್ರೀತಿಯಿದೆ. ನನ್ನ ಮದುವೆಯ ದಿಬ್ಬಣ ಅದರಲ್ಲೇ ದಾಟಿತು. ಆದರೆ ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಶುರುವಾದ ಹೆಂಗಸರನ್ನು ನಾನು ನೋಡಿದ್ದೇನೆ. ಹಾವು ಕಚ್ಚಿದವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಕೋಗಾರಿನ ಕಡೆ ಸುತ್ತಿ ಹೋದದ್ದನ್ನು ನೋಡಿದ್ದೇನೆ. ಬೇಸಿಗೆಯಲ್ಲಿ ನೀರು ಇಳಿದು ಲಾಂಚ್ ದಡ ಮುಟ್ಟದೆ, ವಾಹನ ಹತ್ತಿಸುವುದನ್ನೇ ನಿಲ್ಲಿಸಿದ ದಿನಗಳಿದ್ದವು. ಆ ಕಷ್ಟದ ಮೇಲೆ ನೆನಪಿನ ಹೊಳಪು ಬಳಿಯುವುದು ನನಗೆ ಇಷ್ಟವಿಲ್ಲ. ಸೇತುವೆ ನಮಗೆ ಬೇಕಾಗಿತ್ತು. ಅರವತ್ತು ವರ್ಷ ತಡವಾಗಿ ಬಂತು ಅನ್ನುವುದಷ್ಟೇ ನನ್ನ ದುಃಖ.

ಅಮ್ಮ ಮೊದಲ ಸಲ ಸೇತುವೆ ದಾಟಿದಾಗ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನಡುವೆ ಗಾಡಿ ನಿಲ್ಲಿಸಲಾ, ನೀರು ನೋಡ್ತೀಯಾ ಅಂತ ಇವರು ಕೇಳಿದರು. ‘ನೀರು ನೋಡಿ ನೋಡಿ ಸಾಕಾಗೈತೆ ಮಾರಾಯ, ನಡಿ’ ಅಂದಳು. ಸಾಗರ ಮುಟ್ಟಿದ ಮೇಲೆ ಎಷ್ಟು ಹೊತ್ತಾಯಿತು ಅಂತ ಕೇಳಿ, ಇನ್ನು ರಾತ್ರಿ ಜ್ವರ ಬಂದರೂ ಹೆದರಿಕೆಯಿಲ್ಲ ಅಂದಳು. ಅವತ್ತು ಪೇಟೆಯಲ್ಲಿ ಮೀನು ಕೊಂಡು ಮಧ್ಯಾಹ್ನದೊಳಗೆ ವಾಪಸ್ ಮನೆಗೆ ಹೋಗಿ ಸಾರು ಮಾಡಿದಳು. ಊರೆಲ್ಲ ಹೇಳಿಕೊಂಡು ಬಂದಳಂತೆ.

ಈ ಸಲ ವೈಶಾಖದಲ್ಲಿ ನನ್ನ ಅಣ್ಣನ ಮಗಳ ಮದುವೆ. ಅಣ್ಣ ಹೊಸ ಮನೆ ಕಟ್ಟಿಸಿದ್ದಾನೆ. ಆರ್‌ಸಿಸಿ ಮನೆ, ಟೈಲ್ಸ್ ನೆಲ. ಒಳಗೆಲ್ಲ ಎಮಲ್ಷನ್ ಬಣ್ಣ ಬಳಿಸುವುದಿತ್ತು. ಅಮ್ಮ ಹೋಗಿ ಗೋಡೆ ಸವರಿ ನೋಡಿದಳು. ಎಮಲ್ಷನ್ ಮೇಲೆ ಕೆಮ್ಮಣ್ಣು ಹಿಡಿಯುವುದಿಲ್ಲ, ಒಣಗಿದ ಮೇಲೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಪ್ಲೈವುಡ್ ಹಲಗೆಯ ಮೇಲೆ ಬರೆದು ಗೋಡೆಗೆ ಒರಗಿಸಿದರೆ ಆಗದಾ ಅಂತ ಅಣ್ಣ ಕೇಳಿದ. ಎಷ್ಟೋ ಕಲ್ಯಾಣ ಮಂಟಪಗಳಲ್ಲಿ ಈಗ ಹಾಗೇ ಮಾಡುತ್ತಾರೆ, ಫ್ಲೆಕ್ಸ್ ಹಾಕುವವರೂ ಇದ್ದಾರೆ. ಅಮ್ಮ ಒಪ್ಪಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ. ಕೊನೆಗೆ ಹಾಲ್‌ನ ಒಂದು ಗೋಡೆಯನ್ನು ಬಣ್ಣ ಹಚ್ಚದೆ ಬರೀ ಸಿಮೆಂಟ್ ಗಾರೆಗೇ ಬಿಟ್ಟಿದ್ದಾರೆ. ಅದರ ಮೇಲೆ ಸಗಣಿ ಬೆರೆಸಿದ ಕೆಮ್ಮಣ್ಣು ಒಂದು ಕೈ ಹಚ್ಚಿ ನೋಡಿದ್ದೇವೆ. ಚೆನ್ನಾಗಿ ಕೂತಿದೆ.

ಈಗ ಜಗಳ ಬೇರೆಯದು. ನನ್ನ ಮದುವೆಯಲ್ಲಿ ಅಮ್ಮ ಹಸೆಯ ದಂಡಿಗೆಯ ಕೆಳಗೆ ಪುಟ್ಟದೊಂದು ಲಾಂಚ್ ಬರೆದಿದ್ದಳು. ಅದರ ಮೇಲೊಂದು ಬಸ್ಸು, ಬಸ್ಸಿನೊಳಗೆ ಮೂರು ತಲೆ. ಯಾವ ಹಳೆಯ ಹಸೆಯಲ್ಲೂ ಅದು ಇರಲಿಲ್ಲ. ದಿಬ್ಬಣ ಲಾಂಚ್‌ನಲ್ಲಿ ಬರುತ್ತದೆ ಅಂದಮೇಲೆ ಅದು ಬೇಡವಾ ಅಂತ ಬರೆದಳು. ಈ ಸಲದ ದಿಬ್ಬಣ ಸೇತುವೆಯ ಮೇಲೆ ಬರುತ್ತದೆ. ಹಾಗಾಗಿ ಸೇತುವೆ ಬರೆಯಬೇಕು ಅಂತ ಅಮ್ಮನ ಹಟ. ಆ ಸೇತುವೆಯ ಕಂಬದಿಂದ ಎರಡೂ ಕಡೆಗೆ ಇಳಿದ ತಂತಿಗಳನ್ನು ಅವಳು ಮೊದಲ ದಿನವೇ ಗಮನಿಸಿದ್ದಳು. ‘ಅದೂ ಎಳೆಯೇ ಅಲ್ಲನಾ, ನಮ್ಮದೇ ಕೆಲಸ ಇದ್ದಾಂಗೆ ಐತೆ’ ಅಂದಳು. ನನ್ನ ಮಗಳಿಗೆ ಲಾಂಚೂ ಬೇಕು. ಸೇತುವೆಯ ಕೆಳಗೆ ಲಾಂಚ್ ಇರಲಿ ಅಜ್ಜಿ, ಎರಡೂ ಇದ್ದರೆ ಏನು ಅಂತ ಅವಳು ಬೆಂಗಳೂರಿನಿಂದ ದಿನಾ ಫೋನ್ ಮಾಡಿ ವಾದ ಮಾಡುತ್ತಾಳೆ. ಜಾಗ ಸಾಲಲ್ಲ ಅಂತ ಅಮ್ಮ. ದಂಡಿಗೆ ಸ್ವಲ್ಪ ಮೇಲೆ ಹೋಗಲಿ ಅಂತ ಮಗಳು. ದಂಡಿಗೆ ಮೇಲೆ ಹೋದರೆ ಜೋಗಿಜಡೆಯ ಸಾಲು ಕಡಿಮೆಯಾಗುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಇವರು ಮಾತ್ರ ಯಾರ ಪಕ್ಷವನ್ನೂ ವಹಿಸದೆ ಪುಂಡಿ ನಾರು ಹುಡುಕುತ್ತಾ ಊರೂರು ತಿರುಗುತ್ತಿದ್ದಾರೆ. ಮೊದಲಿನ ಹಾಗೆ ಪುಂಡಿ ಬೆಳೆಯುವವರು ಈಗ ಇಲ್ಲ. ಗುರಿಗೆ ಕಾಯಿಯನ್ನೂ ಇನ್ನೂ ಯಾರೂ ತಂದುಕೊಟ್ಟಿಲ್ಲ. ಬರುವ ವಾರ ಮಗಳು ರಜೆ ಹಾಕಿ ಬರುತ್ತಾಳೆ. ಅಷ್ಟರೊಳಗೆ ಅಕ್ಕಿ ಹುರಿದು ಕಪ್ಪು ಮಾಡಿಟ್ಟುಕೊಳ್ಳಬೇಕು, ಗೋಡೆಗೆ ಎರಡನೇ ಕೈ ಕೆಮ್ಮಣ್ಣು ಹಚ್ಚಬೇಕು.